ಕಲ್ಲು, ಬಾಗಿಲು, ಪಂಕ್ತಿ: ಫ್ರೀಮೇಸನ್ ಬಂಧುತ್ವದಿಂದ ನಾವು ಕಲಿಯಬಹುದಾದದ್ದು

(ಟಿಟ್ವಾಳಾ ಪರಿಸರದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



'ಲಾಡ್ಜ್' ಎಂದೊಡನೆ ನಮ್ಮವರಿಗೆ ನೆನಪಾಗುವುದು 'ಬೋರ್ಡಿಂಗ್ ಎಂಡ್ ಲಾಡ್ಜಿಂಗ್'. ಹೋಟೆಲು ಉದ್ಯಮದ ಮೂಲಕ ಮುಂಬಯಿಯಲ್ಲಿ ಬೇರೂರಿದ ಸಮಾಜಕ್ಕೆ ಇದು ಸಹಜವೇ. ನಾನು ಇಂದು ಹೇಳಹೊರಟಿರುವುದು ಬೇರೊಂದು ಲಾಡ್ಜಿನ ವಿಷಯ. ಯುರೋಪಿನಲ್ಲಿ ದೊಡ್ಡ ದೊಡ್ಡ ಇಗರ್ಜಿಗಳನ್ನು ಕಟ್ಟುತ್ತಿದ್ದ ಕಲ್ಲುಕುಟಿಗರು ಕಟ್ಟಡದ ಮಗ್ಗುಲಿಗೆ ಒಂದು ಮಾಡು ಇಳಿಸಿಕೊಳ್ಳುತ್ತಿದ್ದರು. ಉಳಿ ಸುತ್ತಿಗೆಗಳನ್ನು ಇಡುವುದು, ಕಲ್ಲು ಹದಗೊಳಿಸುವುದು, ವಿಶ್ರಮಿಸುವುದು ಎಲ್ಲವೂ ಅಲ್ಲಿಯೇ. ಆ ಮಾಡಿನ ಹೆಸರು ಲಾಡ್ಜ್. ಕಾಲಕ್ರಮೇಣ ಕಲ್ಲು ಮುಟ್ಟದವರೂ ಆ ಕೂಟಗಳಿಗೆ ಸೇರಿದರು. ಉಪಕರಣಗಳು ಕೈಯಿಂದ ಮನಸ್ಸಿಗೆ ಇಳಿದು ಸಂಕೇತಗಳಾದವು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದುಗೂಡಿ ಮಹಾಲಾಡ್ಜನ್ನು ಸ್ಥಾಪಿಸಿದವೆಂದು ಸಂಪ್ರದಾಯ ಹೇಳುತ್ತದೆ. 1730ರ ಸುಮಾರಿಗೆ ಈ ಪದ್ಧತಿ ಕಲಕತ್ತೆಗೆ ಬಂತು. 1961ರ ನವೆಂಬರ್ 24ರಂದು ಸ್ವತಂತ್ರವಾದ ಭಾರತೀಯ ಮಹಾಲಾಡ್ಜ್ ದೆಹಲಿಯಲ್ಲಿ ಅಸ್ತಿತ್ವಕ್ಕೆ ಬಂತು.

ಈ ಬಳಗದ ಸದಸ್ಯನಾಗಿ ನಾನು ಮಾತನಾಡುತ್ತಿದ್ದೇನೆಯೇ ಹೊರತು ಪ್ರಚಾರಕನಾಗಿ ಅಲ್ಲ. ಬಾಗಿಲು ಮುಚ್ಚಿ ಸಭೆ ನಡೆಸುವವರ ಬಗ್ಗೆ ಜನರಿಗೆ ಸಂಶಯ ಹುಟ್ಟುವುದು ಸ್ವಾಭಾವಿಕ. ಉತ್ತರ ಭಾರತದಲ್ಲಿ ಲಾಡ್ಜಿನ ಕಟ್ಟಡವನ್ನು 'ಜಾದೂಘರ್' ಎನ್ನುತ್ತಿದ್ದರು. 1901ರಲ್ಲಿ ಪ್ರಕಟವಾದ ಕಿಪ್ಲಿಂಗನ 'ಕಿಮ್' ಕಾದಂಬರಿಯಲ್ಲಿಯೂ ಆ ಹೆಸರಿದೆ. ಒಳಗೆ ಯಾವ ಜಾದೂವೂ ಇಲ್ಲ. ಪರಸ್ಪರ ಗುರುತಿಸಿಕೊಳ್ಳುವ ಕೆಲವು ಸಂಜ್ಞೆಗಳ ಹೊರತಾಗಿ ಮಿಕ್ಕದ್ದೆಲ್ಲ ಎಂದೋ ಮುದ್ರಿತ ಪುಸ್ತಕಗಳಿಗೆ ಇಳಿದಿದೆ. ಲಾಡ್ಜಿನೊಳಗೆ ಮತದ ಚರ್ಚೆಯಿಲ್ಲ, ರಾಜಕೀಯದ ಚರ್ಚೆಯಿಲ್ಲ. ನಮ್ಮ ದೇಶದ ಲಾಡ್ಜುಗಳಲ್ಲಿ ಗೀತೆ, ಕುರಾನ್, ಬೈಬಲ್, ಅವೆಸ್ತಾ, ಗ್ರಂಥಸಾಹಿಬ್ ಮೊದಲಾದ ಪವಿತ್ರ ಗ್ರಂಥಗಳನ್ನು ಒಂದೇ ಪೀಠದ ಮೇಲೆ ಇರಿಸುವ ಪರಿಪಾಠವಿದೆ.

ಇನ್ನು ಸಂಕೇತಗಳು. ಮೂಲೆಮಟ್ಟವು ನಡತೆ ನೇರವಾಗಿರಬೇಕೆಂದು ಹೇಳುತ್ತದೆ. ಕೈವಾರವು ಆಸೆಗಳಿಗೆ ಒಂದು ಎಲ್ಲೆ ಎಳೆಯುತ್ತದೆ. ಸಮತಲ ನೋಡುವ ಮಟ್ಟವು ಸಮಾನತೆಯನ್ನು ಸೂಚಿಸುತ್ತದೆ. ಇಲ್ಲಿಯ ಗವಂಡಿಗಳು 'ಓಳಂಬಾ' ಎನ್ನುವ ತೂಗುಗುಂಡು, ಬಾಗದೆ ನಿಲ್ಲುವುದನ್ನು ಕಲಿಸುತ್ತದೆ. ಇಪ್ಪತ್ತನಾಲ್ಕು ಅಂಗುಲದ ಅಳತೆಗೋಲೊಂದಿದೆ. ಅದು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಪ್ರಾರ್ಥನೆಗೆ, ದುಡಿಮೆ ವಿಶ್ರಾಂತಿಗಳಿಗೆ, ಕಷ್ಟದಲ್ಲಿರುವ ಮಿತ್ರನ ನೆರವಿಗೆ ಎಂದು ಹಂಚಿಕೊಡುತ್ತದೆ. ಟಿಟ್ವಾಳಾದಿಂದ ಮುಂಬಯಿಯ ಕೋಟೆಗೆ ಹೋಗಿಬರಲು ನಿತ್ಯ ಮೂರು ಗಂಟೆಗೂ ಹೆಚ್ಚು ಕಾಲವನ್ನು ಲೋಕಲ್ ರೈಲಿಗೆ ಕೊಡುವ ನಮಗೆ ಆ ಅಳತೆಗೋಲು ಮೊಂಡಾಗಿಯೇ ಸಿಗುತ್ತದೆ. ಉಳಿದುದರಲ್ಲಿ ಪರರಿಗೆಂದು ಎಷ್ಟು ಅಂಗುಲ ತೆಗೆದಿಡುತ್ತೇವೆ ಎಂಬುದೇ ಪ್ರಶ್ನೆ.

ಈ ಎಲ್ಲ ಸಂಕೇತಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಲಾಡ್ಜಿನಲ್ಲಿ ಇರಿಸುವ ಎರಡು ಕಲ್ಲುಗಳು. ಒಂದು ಗಣಿಯಿಂದ ಬಂದಂತೆಯೇ ಇರುವ ಒರಟು ಕಲ್ಲು. ಇನ್ನೊಂದು ಆರೂ ಮೈ ಹದಗೊಂಡ ಕಲ್ಲು. ಮೊದಲನೆಯದು ಹೊಸದಾಗಿ ಸೇರಿದವನು, ಎರಡನೆಯದು ಅವನು ಆಗಬೇಕಾದದ್ದು. ಶಿಲ್ಪವೆಂದರೆ ನಮಗೆ ಹೊಸತಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ಇಲ್ಲಿಯೇ ಕಲ್ಯಾಣದ ಆಚೆಗಿರುವ ಅಂಬರನಾಥದ ಶಿವಾಲಯ ಶಿಲಾಹಾರರ ಕಾಲದ್ದು; ಅಲ್ಲಿಯ ಶಾಸನದ ವರ್ಷ 1060. ಆ ಶಿಲಾಹಾರರ ಬಿರುದುಗಳಲ್ಲಿ ಕನ್ನಡದವೂ ಇದ್ದವೆಂಬುದನ್ನು ನಾವು ಮರೆಯಬಾರದು. ಆದರೆ ಲಾಡ್ಜಿನ ಕಲ್ಲು ಮದನಿಕೆಯ ವಿಗ್ರಹವಲ್ಲ, ಗೋಡೆಯ ಕಲ್ಲು. ಅದರ ಅಂಚುಗಳನ್ನು ತೆಗೆಯುವುದು ಅದು ಒಂಟಿಯಾಗಿ ಚೆಂದ ಕಾಣಲೆಂದಲ್ಲ, ಪಕ್ಕದ ಕಲ್ಲಿನೊಡನೆ ಸಂದಿಲ್ಲದೆ ಕೂಡಿಕೊಳ್ಳಲೆಂದು. ವ್ಯಕ್ತಿತ್ವ ವಿಕಾಸವೆಂಬುದು ಇಂದು ದೊಡ್ಡ ವ್ಯಾಪಾರವಾಗಿದೆ. ಅಲ್ಲಿ ಪ್ರತಿಯೊಬ್ಬನಿಗೂ ತಾನೇ ವಿಗ್ರಹವಾಗುವ ಹಂಬಲ. ನೆರೆಯ ಕಲ್ಲು ಇಲ್ಲದಿದ್ದರೆ ಹದಗೊಂಡ ಕಲ್ಲಿಗೆ ಅರ್ಥವೇ ಇಲ್ಲವೆಂಬುದು ಈ ಸಂಕೇತದ ತಾತ್ಪರ್ಯ.

ದೀಕ್ಷೆಯ ಸಂದರ್ಭದ ಇನ್ನೊಂದು ಪಾಠವಿದೆ. ಹೊಸಬನ ಬಳಿಯಿರುವ ಹಣ, ಲೋಹದ ವಸ್ತು ಎಲ್ಲವನ್ನೂ ಮೊದಲೇ ತೆಗೆದಿರಿಸಿರುತ್ತಾರೆ. ಅನಂತರ ಬಡವರಿಗಾಗಿ ಏನಾದರೂ ಕೊಡು ಎಂದು ಕೇಳುತ್ತಾರೆ. ಕೊಡಲು ಅವನಲ್ಲಿ ಏನೂ ಇರುವುದಿಲ್ಲ. ಬರಿಗೈಯಲ್ಲಿ ನಿಂತ ನಿನ್ನನ್ನು ನಾವು ಸೇರಿಸಿಕೊಂಡೆವು, ಬರಿಗೈಯಲ್ಲಿ ಬಂದವನನ್ನು ನೀನು ಮುಂದೆ ಮರೆಯಬೇಡ ಎಂಬುದು ಅದರ ಅಭಿಪ್ರಾಯ. ಒಂದು ಟ್ರಂಕು, ಒಂದು ವಿಳಾಸದ ಚೀಟಿ ಹಿಡಿದು ಈ ನಗರಕ್ಕೆ ಬಂದವರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರು ನಮ್ಮೂರಿನ ಒರಟು ಕಲ್ಲುಗಳೇ. ಅವರಿಗಾಗಿ ಆ ಶಾಲೆಗಳನ್ನು ನಡೆಸಿದವರು ಯಾವ ಲಾಡ್ಜಿಗೂ ಹೋಗದೆ ಈ ಪಾಠವನ್ನು ಬಲ್ಲವರಾಗಿದ್ದರು.

ಇಷ್ಟೆಲ್ಲ ಉದಾತ್ತವಾಗಿದ್ದರೂ ಬದುಕಿನಲ್ಲಿ ಅದು ಹೇಗಿತ್ತು? ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಮೊದಲನೆಯದು ಬಾಗಿಲು. ಮಟ್ಟವನ್ನು ಗೋಡೆಗೆ ತೂಗುಹಾಕಿದ್ದ ಮುಂಬಯಿಯ ಲಾಡ್ಜುಗಳೇ ಪಾರ್ಸಿ ಗಣ್ಯರಾದ ಮಾಣೆಕ್ಜಿ ಖುರ್ಶೇಟ್ಜಿಯವರಿಗೆ ಪ್ರವೇಶ ನಿರಾಕರಿಸಿದವು. ಅವರು ಪ್ಯಾರಿಸ್ಸಿಗೆ ಹೋಗಿ ಅಲ್ಲಿ ದೀಕ್ಷೆ ಪಡೆದರು. ಭಾರತೀಯರನ್ನು ಸೇರಿಸಿಕೊಳ್ಳಲೆಂದೇ 1843ರಲ್ಲಿ ಮುಂಬಯಿಯಲ್ಲಿ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಲಾಡ್ಜ್ ಹುಟ್ಟಿತು, ಡಾ. ಜೇಮ್ಸ್ ಬರ್ನ್ಸ್ ಅದರ ಮುಂದಾಳು. ಹಿಂದೂಗಳ ಪಾಡು ಇನ್ನೂ ಕಷ್ಟದ್ದು. ಬಹುದೇವತಾರಾಧಕರು ಒಬ್ಬ ಪರಮಾತ್ಮನ ಮೇಲೆ ಪ್ರಮಾಣ ಮಾಡುವುದೆಂತು ಎಂಬ ಆಕ್ಷೇಪ ಎದ್ದಿತು. ದೇವನೊಬ್ಬ ನಾಮ ಹಲವು ಎಂಬ ಮಾತು ಹಳ್ಳಿಯ ಮಗುವಿಗೂ ಗೊತ್ತಿದ್ದ ನಾಡಿನಲ್ಲಿ ಈ ವಾದ! ಕಲಕತ್ತೆಯ ಪ್ರಸನ್ನಕುಮಾರ ದತ್ತರು ಹಲವು ವರ್ಷ ಹೋರಾಡಿ 1872ರಲ್ಲಿ ಒಳಗೆ ಬಂದರು. ಅಲ್ಲಿಂದ ಹನ್ನೆರಡು ವರ್ಷಗಳಲ್ಲಿ, 1884ರಲ್ಲಿ, ಅದೇ ನಗರದ ಲಾಡ್ಜೊಂದು ನರೇಂದ್ರನಾಥ ದತ್ತನೆಂಬ ತರುಣನಿಗೆ ದೀಕ್ಷೆ ಕೊಟ್ಟಿತು; ಮುಂದೆ ಅವರೇ ಸ್ವಾಮಿ ವಿವೇಕಾನಂದರಾದರು. ಮಹಿಳೆಯರಿಗೆ ಮಾತ್ರ ಭಾರತೀಯ ಮಹಾಲಾಡ್ಜಿನ ಬಾಗಿಲು ಇಂದಿಗೂ ಮುಚ್ಚಿದೆ. ಆನಿ ಬೆಸೆಂಟರು 1902ರಲ್ಲಿ ಸ್ತ್ರೀಪುರುಷರಿಬ್ಬರೂ ಇರುವ ಬೇರೊಂದು ಶಾಖೆಗೆ ಸೇರಿ ಅದನ್ನು ಭಾರತಕ್ಕೆ ತರಬೇಕಾಯಿತು. ಸದಸ್ಯನಾದರೂ ಈ ಕೊರತೆಯನ್ನು ನಾನು ಸಮರ್ಥಿಸಲಾರೆ.

ಎರಡನೆಯದು ಪಂಕ್ತಿ. ಲಾಹೋರಿನ ಲಾಡ್ಜಿನಲ್ಲಿ 1886ರಲ್ಲಿ ದೀಕ್ಷೆ ಪಡೆದ ಕಿಪ್ಲಿಂಗ್ 'ದಿ ಮದರ್ ಲಾಡ್ಜ್' ಎಂಬ ಕವಿತೆಯಲ್ಲಿ ನಾನಾ ಮತದವರು ಸೋದರರಾಗಿ ಕುಳಿತ ಸಭೆಯನ್ನು ಚಿತ್ರಿಸಿದ್ದಾನೆ. ಅಲ್ಲಿ ಎಲ್ಲರೂ ಸಮಾನರು. ಆದರೆ ಯಾರದಾದರೂ ಜಾತಿ ಕೆಟ್ಟೀತೆಂಬ ಭಯದಿಂದ ಔತಣವಿಲ್ಲ. ಆಳರಸರ ಅಹಂಕಾರ ಬಾಗಿಲನ್ನು ಮುಚ್ಚಿದರೆ ನಮ್ಮ ಪಂಕ್ತಿಭೇದ ಊಟವನ್ನು ತಡೆಯಿತು. ದೋಷ ಒಂದೇ ಕಡೆಯದಲ್ಲ.

ಮೂರನೆಯದು ಪೀಠ. ಇದರಲ್ಲಿ ಲಾಡ್ಜ್ ನಮಗಿಂತ ಮುಂದಿದೆ ಎನ್ನಲೇಬೇಕು. ಅಲ್ಲಿ ಹಲವರ ಸೇವೆ ಊಟ ಬಡಿಸುವುದರಿಂದ ಆರಂಭವಾಗುತ್ತದೆ. ಒಂದೊಂದೇ ಹೊಣೆ ಹೊತ್ತು, ವರ್ಷಗಳ ಮೇಲೆ ಅಧ್ಯಕ್ಷಪೀಠ ಏರುತ್ತಾರೆ. ಸಾಮಾನ್ಯವಾಗಿ ಒಂದು ವರ್ಷದ ಬಳಿಕ ಇಳಿಯುತ್ತಾರೆ. ಹೊರಬಾಗಿಲಲ್ಲಿ ಕಾವಲು ನಿಲ್ಲುವ 'ಟೈಲರ್' ಅನೇಕ ವೇಳೆ ಹಿಂದಿನ ಅಧ್ಯಕ್ಷನೇ ಆಗಿರುತ್ತಾನೆ. ಕಚೇರಿಯಲ್ಲಿ ನನಗಿಂತ ಹಲವು ದರ್ಜೆ ಕೆಳಗಿರುವ ಗುಮಾಸ್ತರೊಬ್ಬರು ಪೀಠದಲ್ಲಿದ್ದಾಗ ನಾನು ಅವರ ಮುಂದೆ ಎದ್ದುನಿಂತು ಅಪ್ಪಣೆ ಬೇಡಿದ್ದೇನೆ. ಮೂವತ್ತು ವರ್ಷಗಳ ಸರಕಾರಿ ನೌಕರಿ ಕಲಿಸದ ವಿನಯವನ್ನು ಅದು ನನಗೆ ಕಲಿಸಿತು.

ಬಂಧುಗಳೇ, ಈ ಮೂರು ಒರೆಗಲ್ಲುಗಳನ್ನು ಹೊರನಾಡಿನ ನಮ್ಮ ಸಂಘಗಳಿಗೆ ಹಚ್ಚಿ ನೋಡೋಣ. ಬಾಗಿಲು: ಮರಾಠಿ ಸೊಸೆ, ಗುಜರಾತಿ ಅಳಿಯ, ಕನ್ನಡ ಓದಲು ಬಾರದ ಮೊಮ್ಮಗು ನಮ್ಮ ಸಭೆಗೆ ಬಂದರೆ ಅವರು ಅತಿಥಿಗಳೋ, ಮನೆಯವರೋ? ಪಂಕ್ತಿ: ಜಿಲ್ಲೆಗೊಂದು, ಜಾತಿಗೊಂದು ಸಂಘ ಇರಲಿ, ಅವುಗಳ ಸೇವೆ ದೊಡ್ಡದು. ಆದರೆ ಕನ್ನಡದ ಹೆಸರಿನಲ್ಲಿ ನಡೆಯುವ ಕೂಟದಲ್ಲಿಯೂ ಕರಾವಳಿಯವರು ಒಂದು ಮೂಲೆ, ಬಯಲುಸೀಮೆಯವರು ಒಂದು ಮೂಲೆ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದ ಕೂಲಿಕಾರರು ಹೊರಗೆ ಎಂದಾದರೆ ಅದು ಕನ್ನಡದ ಪಂಕ್ತಿಯಾಗದು. ನಮ್ಮ ನಡುವಿನ ನಿಜವಾದ ಗವಂಡಿಗಳು ಅವರೇ. ನಾವು ಓಳಂಬವನ್ನು ಸಂಕೇತವೆಂದು ಬಣ್ಣಿಸುತ್ತಿರುವಾಗ ಅವರು ಅದನ್ನು ಹಿಡಿದು ಟಿಟ್ವಾಳಾದ ಮಹಡಿಮನೆಗಳನ್ನು ಕಟ್ಟುತ್ತಿದ್ದಾರೆ. ಪೀಠ: ಒಂದೇ ಹೆಸರು ದಶಕಗಟ್ಟಲೆ ಆಮಂತ್ರಣ ಪತ್ರಿಕೆಯಲ್ಲಿ ಉಳಿದ ಸಂಘಗಳನ್ನು ನಾವೆಲ್ಲ ಕಂಡಿದ್ದೇವೆ. ತರುಣರು ಬರುತ್ತಿಲ್ಲವೆಂದು ಕೊರಗುವವರು ಅವರಿಗೆ ಕೂರಲು ಜಾಗ ಬಿಟ್ಟಿದ್ದೇವೆಯೇ ಎಂದು ನೋಡಬೇಕು.

ಆದ್ದರಿಂದ ಮುಂದಿನ ಮಹಾಸಭೆಗೆ ಮೂರು ಸೂಚನೆಗಳನ್ನು ಬರೆದುಕೊಡಲಿದ್ದೇನೆ. ಅಧ್ಯಕ್ಷರ ಅವಧಿ ಎರಡು ವರ್ಷ. ಇಳಿದವರು ಮುಂದಿನ ವರ್ಷ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸಬೇಕು. ಕನ್ನಡಿಗರ ಮನೆಗೆ ಬಂದ ಅನ್ಯಭಾಷಿಕರಿಗೂ ಪೂರ್ಣ ಸದಸ್ಯತ್ವ ಇರಬೇಕು. ರಾಜ್ಯೋತ್ಸವದ ಊಟಕ್ಕೆ ನಮ್ಮ ಪರಿಸರದ ಕಟ್ಟಡ ಕಾರ್ಮಿಕ ಕುಟುಂಬಗಳನ್ನು ಕರೆಯಬೇಕು, ಅವರ ಪಕ್ಕದಲ್ಲಿಯೇ ನಾವೂ ಕೂರಬೇಕು. ವಿರೋಧವಿದ್ದವರು ಎದ್ದುನಿಂತು ಹೇಳಲಿ, ಚರ್ಚೆಯಾಗಲಿ, ಮತಕ್ಕೆ ಹಾಕೋಣ. ಸೋತರೆ ಮರುವರ್ಷ ಮತ್ತೆ ಮಂಡಿಸುತ್ತೇನೆ.