ದೋಣಿಯ ಹೊದಿಕೆಗೆ ಹೊಲಿಗೆ ಯಂತ್ರದ ಆಯ್ಕೆ

(ಕರಾವಳಿ ಕರ್ನಾಟಕದಿಂದ ನೋಯ್ಡಾಕ್ಕೆ ಬಂದಿದ್ದ ಹೊಲಿಗೆ ವೃತ್ತಿಯವರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ಯಂತ್ರಗಳ ಪ್ರದರ್ಶನವನ್ನು ವೀಕ್ಷಿಸಲು ತಾವು ಇಷ್ಟು ದೂರ ಬಂದಿದ್ದೀರಿ. ನಾಳೆ ಅಂಗಡಿಗಳಿಗೂ ಹೋಗಲಿದ್ದೀರಿ. ಕೆಲವರು ಮುಂಗಡ ಹಣವನ್ನೂ ಕೊಟ್ಟು ಬರಬಹುದು. ಅದಕ್ಕೆ ಮುನ್ನ ಯಂತ್ರದ ಆಯ್ಕೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ವ್ಯವಸ್ಥಾಪಕರು ನನ್ನನ್ನು ಕೇಳಿದ್ದಾರೆ. ನಾನು ಯಂತ್ರಶಿಲ್ಪಿಯಲ್ಲ, ದರ್ಜಿಯೂ ಅಲ್ಲ. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಕನ್ನಡ ಅನುವಾದಕನಾಗಿ ಕೆಲಸ ಮಾಡುತ್ತಿರುವವನು. ಈ ವಿಷಯದಲ್ಲಿ ಮಾತನಾಡಲು ನನಗಿರುವ ಅರ್ಹತೆ ಒಂದೇ. ತಪ್ಪು ಯಂತ್ರವೊಂದನ್ನು ಆರಿಸಿ, ಹಣ ಕೊಟ್ಟು, ಊರಿಗೆ ಕಳುಹಿಸಿಕೊಟ್ಟವನು ನಾನು.

ಸಮುದ್ರವಿಲ್ಲದ ಊರಿನಲ್ಲಿ ದೋಣಿಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. 1976ರಲ್ಲಿ ಸ್ಥಾಪಿತವಾದ ಈ ಕೈಗಾರಿಕಾ ನಗರದ ಒಂದನೆಯ ಸೆಕ್ಟರಿನಲ್ಲಿಯೇ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರದ ಪ್ರಧಾನ ಕಛೇರಿ ಇದೆ. ಪ್ರಾಧಿಕಾರವು ರಚನೆಗೊಂಡದ್ದು 1986ರಲ್ಲಿ. 2016ರ ರಾಷ್ಟ್ರೀಯ ಜಲಮಾರ್ಗ ಅಧಿನಿಯಮದ ಪ್ರಕಾರ ದೇಶದಲ್ಲಿ ಒಟ್ಟು 111 ರಾಷ್ಟ್ರೀಯ ಜಲಮಾರ್ಗಗಳು ಘೋಷಿತವಾದವು. ತಮ್ಮ ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ ನದಿಗಳೂ ಆ ಪಟ್ಟಿಯಲ್ಲಿವೆ. ನದಿಯಲ್ಲಿ ಜನರನ್ನು ಕೂರಿಸಿಕೊಂಡು ದೋಣಿ ಓಡಬೇಕಾದರೆ ಬಿಸಿಲು ಮಳೆಗಳಿಗೆ ಚಪ್ಪರ ಬೇಕು, ಆಸನಕ್ಕೆ ಮೆತ್ತೆ ಬೇಕು, ಎಂಜಿನ್ನಿಗೆ ಹೊದಿಕೆ ಬೇಕು. ಕಡತಗಳಲ್ಲಿ ಜಲಮಾರ್ಗವೆಂದು ಬರೆಯುವವರು ನಾವು. ಚಪ್ಪರವನ್ನು ಹೊಲಿಯುವವರು ತಾವು.

ನೋಯ್ಡಾದ ಇನ್ನೊಂದು ಮುಖ ಸಿದ್ಧ ಉಡುಪಿನ ರಫ್ತು ಘಟಕಗಳದು. ಘಟಕಗಳು ಹೊಸ ಯಂತ್ರಗಳನ್ನು ತರಿಸಿದಾಗ ಹಳೆಯವು ಅಗ್ಗದ ಬೆಲೆಗೆ ಮಾರಾಟಕ್ಕೆ ಬರುತ್ತವೆ. ನಾನು ಎಡವಿದ್ದು ಇಲ್ಲಿಯೇ.

ನನ್ನ ಸೋದರಮಾವನ ಮಗ ಗಂಗೊಳ್ಳಿಯಲ್ಲಿ ಟಾರ್ಪಾಲು, ಬಸ್ಸಿನ ಸೀಟು, ಆಟೋ ರಿಕ್ಷಾದ ಹುಡ್ಡು ಹೊಲಿದು ಜೀವನ ಸಾಗಿಸುವವನು. ಕಾಲಿನಿಂದ ತುಳಿಯುವ ಹಳೆಯ ಯಂತ್ರವೊಂದೇ ಅವನ ಬಂಡವಾಳ. ಒಮ್ಮೆ ಹಿನ್ನೀರಿನಲ್ಲಿ ಪ್ರವಾಸಿ ದೋಣಿ ನಡೆಸುವವರೊಬ್ಬರು ಒಂದು ಚಪ್ಪರಕ್ಕೂ ಹನ್ನೆರಡು ಮೆತ್ತೆಗಳಿಗೂ ಅವನಿಗೆ ಮುಂಗಡ ಕೊಟ್ಟರು. ದೆಹಲಿಯ ಕಡೆ ಒಳ್ಳೆಯ ಮಷೀನು ಅಗ್ಗವಾಗಿ ಸಿಗುತ್ತದಂತೆ, ನೋಡಿ ಕಳುಹಿಸಬೇಕು ಎಂದು ಅವನು ನನಗೆ ದೂರವಾಣಿ ಮಾಡಿದ. ಮಾರಾಟಗಾರರು ನನ್ನ ಕೈಗೆ ಕೊಟ್ಟ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ‘ಹೆವಿ ಡ್ಯೂಟಿ’ ಎಂದಿತ್ತು. ಆ ಶಬ್ದವನ್ನು ನಾನೇ ಎಷ್ಟೋ ಸಲ ‘ಭಾರೀ ಕೆಲಸಕ್ಕೆ ಯೋಗ್ಯ’ ಎಂದು ಅನುವಾದಿಸಿದ್ದೇನೆ. ಎಷ್ಟು ಭಾರ, ಯಾವ ಕೆಲಸ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ, ಅಂದೂ ಕೇಳಲಿಲ್ಲ. ಯಂತ್ರ ಲಾರಿ ಹತ್ತಿತು. ಹತ್ತು ದಿನಗಳ ಮೇಲೆ ಅವನ ದನಿ ಕೇಳಿಸಿತು: “ಭಾವ, ಅಂಗಿ ಹೊಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಮಷೀನು ಇಲ್ಲ. ಆದರೆ ದೋಣಿಯವರು ಅಂಗಿ ಕೇಳಲಿಲ್ಲವಲ್ಲ.”

ಆದದ್ದಿಷ್ಟು. ಹದಿನೈದು ಅಡಿ ಉದ್ದದ ಹೊಲಿಗೆಯಲ್ಲಿ ಮೇಲಿನ ಬಟ್ಟೆ ಹಿಂದುಳಿದು, ಕೆಳಗಿನದು ಮುಂದೆ ಹೋಗಿ, ಕೊನೆಯಲ್ಲಿ ಅಂಚುಗಳು ಕೂಡಲೇ ಇಲ್ಲ. ರೆಕ್ಸಿನ್ನು ಪಾದಕ್ಕೆ ಅಂಟಿಕೊಂಡು ನೆರಿಗೆ ಕಟ್ಟಿತು. ಮಡಿಕೆಯ ಮೇಲೆ ಮಡಿಕೆ ಬಿದ್ದ ಮೂಲೆಯಲ್ಲಿ ಸೂಜಿಗಳು ಒಂದರ ಹಿಂದೊಂದು ಮುರಿದವು. ಕೆಲಸ ಬೇರೆಯವರ ಪಾಲಾಯಿತು. ಮುಂಗಡವನ್ನು ಅವನು ಹಿಂದಿರುಗಿಸಬೇಕಾಯಿತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲವೆಂಬುದನ್ನು ತಾವು ಗಮನಿಸಬೇಕು. ಅದು ನಿಮಿಷಕ್ಕೆ ಸುಮಾರು 5000 ಹೊಲಿಗೆಗಳ ವೇಗದಲ್ಲಿ ತೆಳುವಾದ ಬಟ್ಟೆಯನ್ನು ಹೊಲಿಯುವುದಕ್ಕಾಗಿ ರೂಪಿತವಾದ ಯಂತ್ರ.

ಯಂತ್ರವನ್ನು ಕೊಳ್ಳುವವರು ಸಾಮಾನ್ಯವಾಗಿ ಮೋಟಾರು ಎಷ್ಟು ಶಕ್ತಿಯದು, ವೇಗ ಎಷ್ಟು, ಬೆಲೆ ಎಷ್ಟು ಎಂದು ವಿಚಾರಿಸುತ್ತಾರೆ. ದೋಣಿಯ ಕೆಲಸಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಯಂತ್ರ ಬಟ್ಟೆಯನ್ನು ಹೇಗೆ ಮುಂದಕ್ಕೆ ಸಾಗಿಸುತ್ತದೆ? ಸಾಮಾನ್ಯ ಯಂತ್ರದಲ್ಲಿ ಬಟ್ಟೆಯನ್ನು ತಳ್ಳುವುದು ಕೆಳಗಿರುವ ಹಲ್ಲುಗಳು ಮಾತ್ರ. ಹಲ್ಲಿಗೆ ತಗಲುವುದು ಕೆಳಗಿನ ಪದರ. ಮೇಲಿನ ಪದರವನ್ನು ಪಾದವು ಒತ್ತಿ ಹಿಡಿದಿರುತ್ತದೆ, ಅಂದರೆ ತಡೆಯುತ್ತಿರುತ್ತದೆ. ಹತ್ತಿಯ ಅಂಗಿಯಲ್ಲಿ ಇದರಿಂದ ಬಾಧಕವಿಲ್ಲ. ಜಾರುವ, ಅಂಟುವ, ದಪ್ಪನಾದ ಸಾಮಗ್ರಿಯಲ್ಲಿ ಪ್ರತಿಯೊಂದು ಹೊಲಿಗೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬೀಳುತ್ತದೆ. ಸಾವಿರ ಹೊಲಿಗೆಗಳಾಗುವ ಹೊತ್ತಿಗೆ ಅದು ಬೆರಳಗಲ, ಕೆಲವೊಮ್ಮೆ ಅಂಗೈಯಗಲ.

ಕಂಪೌಂಡ್ ಫೀಡ್ ಎಂದು ಕರೆಯಲಾಗುವ ಯಂತ್ರದಲ್ಲಿ ವ್ಯವಸ್ಥೆ ಬೇರೆ. ಸೂಜಿಯು ಎಲ್ಲ ಪದರಗಳನ್ನೂ ಚುಚ್ಚಿ, ಒಳಗೆ ಇರುವಾಗಲೇ ಹಲ್ಲುಗಳ ಜೊತೆಯಲ್ಲಿ ಮುಂದೆ ಸರಿಯುತ್ತದೆ. ಪಾದಗಳು ಎರಡು. ಒಳಪಾದವು ಸೂಜಿಯೊಡನೆ ಹೆಜ್ಜೆ ಹಾಕುತ್ತದೆ. ಅದು ಮೇಲೆದ್ದಾಗ ಹೊರಪಾದವು ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಕೆಳಗಿನಿಂದ, ನಡುವಿನಿಂದ, ಮೇಲಿನಿಂದ ಒಟ್ಟಿಗೆ ಸಾಗಿಸಿದರೆ ಪದರಗಳು ಒಂದನ್ನೊಂದು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. ಇದಕ್ಕೆ ವಾಕಿಂಗ್ ಫುಟ್ ಎಂಬ ಹೆಸರೂ ಇದೆ. ನಾನು ಒಮ್ಮೆ ಅದನ್ನು ‘ನಡೆಯುವ ಪಾದ’ ಎಂದು ಅನುವಾದಿಸಿದಾಗ ಸಹೋದ್ಯೋಗಿಗಳು ನಕ್ಕರು. ಯಂತ್ರವನ್ನು ಕಣ್ಣಾರೆ ಕಂಡ ಮೇಲೆ ಆ ಅನುವಾದದ ಬಗ್ಗೆ ನನಗೆ ನಾಚಿಕೆಯೇನೂ ಇಲ್ಲ. ಆದರೆ ಅಂಗಡಿಯಲ್ಲಿ ಆ ಹೆಸರನ್ನಷ್ಟೇ ನಂಬಬೇಡಿ. ಪಾದ ಮತ್ತು ಹಲ್ಲು ಮಾತ್ರ ಚಲಿಸಿ ಸೂಜಿ ನಿಂತಲ್ಲೇ ಇರುವ ಯಂತ್ರಗಳಿಗೂ, ಮನೆಯ ಯಂತ್ರಕ್ಕೆ ಸಿಕ್ಕಿಸುವ ಸಣ್ಣ ಸಾಧನಕ್ಕೂ ಅದೇ ಹೆಸರಿದೆ. ವಿದ್ಯುತ್ತನ್ನು ಆರಿಸಿ, ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಬೇಕು. ಸೂಜಿ ಮೇಲೆ ಕೆಳಗೆ ಆಡುವುದರ ಜೊತೆಗೆ ಹಿಂದೆ ಮುಂದೆಯೂ ತೂಗಿದರೆ, ಒಳಪಾದ ಅದರೊಡನೆ ಸಾಗಿದರೆ, ಅದು ತಮಗೆ ಬೇಕಾದ ಯಂತ್ರ. ಸಿಂಗರ್ ಕಂಪನಿಯ ಹಳೆಯ 111 ಡಬ್ಲ್ಯೂ 155 ಈ ಜಾತಿಯದು. ಜುಕಿ ಕಂಪನಿಯ ಎಲ್‌ಯು ಸರಣಿಯ ಯಂತ್ರಗಳೂ ಇದೇ ಜಾತಿಯವು.

ಎಲ್ಲರಿಗೂ ಇದು ಬೇಕೇ ಬೇಕೆಂದು ನಾನು ಹೇಳುವುದಿಲ್ಲ. ವರ್ಷಕ್ಕೆ ಒಂದೆರಡು ದೋಣಿಯ ಪರದೆ ಹೊಲಿಯುವವರಿಗೆ, ಪೇಟೆಯಲ್ಲಿ ಅಂಬ್ರೆಲ್ಲಾ ಮಷೀನು ಎಂದು ಕರೆಯುವ ಗಟ್ಟಿಯಾದ ಕಾಲುಯಂತ್ರವೇ ಸಾಕು. ಅದು ನಿಧಾನ, ಕರೆಂಟು ಹೋದರೂ ನಿಲ್ಲುವುದಿಲ್ಲ. ಪಿವಿಸಿ ಲೇಪನದ ಟಾರ್ಪಾಲನ್ನು ಬಿಸಿಗಾಳಿಯಿಂದ ಬೆಸೆಯುವ ಪದ್ಧತಿಯೇ ಬೇರೆ ಇದೆ. ಹಾಯಿಯನ್ನು ಹೊಲಿಯುವವರಿಗೆ ಜಿಗ್‌ಜಾಗ್ ಹೊಲಿಗೆ ಬೇಕು, ಏಕೆಂದರೆ ಹಾಯಿ ಗಾಳಿಗೆ ಜಗ್ಗುತ್ತದೆ. ಚಪ್ಪರಕ್ಕೂ ಮೆತ್ತೆಗೂ ನೇರ ಹೊಲಿಗೆಯೇ ಸರಿ.

ಮೋಟಾರಿನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಹಳೆಯ ಕ್ಲಚ್ ಮೋಟಾರು ಸ್ವಿಚ್ ಹಾಕಿದ ಕ್ಷಣದಿಂದ ಸದಾ ತಿರುಗುತ್ತಿರುತ್ತದೆ. ಪೆಡಲ್ ಒತ್ತಿದೊಡನೆ ಯಂತ್ರ ಓಡಿಹೋಗುತ್ತದೆ. ಸರ್ವೋ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗವನ್ನು ಬಹಳ ಕಡಿಮೆ ಮಾಡಬಹುದು, ವಿದ್ಯುತ್ತೂ ಉಳಿಯುತ್ತದೆ. ದೋಣಿಯ ಮೂಲೆ ತಿರುವುಗಳಲ್ಲಿ ಮೂರು ಹೊಲಿಗೆ ಹಾಕಿ ನಿಲ್ಲಿಸಬೇಕಾದವರಿಗೆ ವೇಗಕ್ಕಿಂತ ನಿಧಾನವೇ ದೊಡ್ಡ ಗುಣ.

ಸೂಜಿ ಮತ್ತು ನೂಲಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಸರಿಯಾದ ಯಂತ್ರವಿದ್ದೂ ಕೆಲಸ ಕೆಡುವುದು ಇಲ್ಲಿಯೇ. ಸೂಜಿಯ ಪೊಟ್ಟಣದ ಮೇಲೆ 110/18, 140/22 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಸೂಜಿಯ ದಪ್ಪ: 110 ಎಂದರೆ 1.10 ಮಿಲಿಮೀಟರು. ನೂಲಿನ ದಪ್ಪವನ್ನು ಟೆಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಸಾವಿರ ಮೀಟರು ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಟೆಕ್ಸ್. ಕ್ಯಾನ್ವಾಸಿಗೆ ಟೆಕ್ಸ್ 90ರ ನೂಲು, 18 ಅಥವಾ 20ರ ಸೂಜಿ ಹೊಂದುತ್ತದೆ. ಹೆಚ್ಚು ಎಳೆತ ಬೀಳುವ ಕಡೆ ಟೆಕ್ಸ್ 135 ಮತ್ತು 22ರ ಸೂಜಿ. ತಾವು ಕೊಳ್ಳುವ ಯಂತ್ರ ಈ ದಪ್ಪದ ನೂಲನ್ನು ಮೇಲೆಯೂ ಬಾಬಿನ್ನಿನಲ್ಲಿಯೂ ಸಲೀಸಾಗಿ ತೆಗೆದುಕೊಳ್ಳಬೇಕು. ಬಾಬಿನ್ನು ದೊಡ್ಡದಿದ್ದಷ್ಟೂ ಒಳ್ಳೆಯದು. ಉದ್ದನೆಯ ಹೊಲಿಗೆಯ ನಡುವೆ ನೂಲು ಮುಗಿದರೆ ಆಗುವ ಬೇಸರ ತಮಗೆ ಗೊತ್ತೇ ಇದೆ.

ಹತ್ತಿಯ ನೂಲು ಸದಾ ಒದ್ದೆಯಾದರೆ ಕೊಳೆಯುತ್ತದೆ. ನೈಲಾನು ಬಲವಾದದ್ದು, ಆದರೆ ಬಿಸಿಲಿಗೆ ಬೇಗ ಸೊರಗುತ್ತದೆ. ಆದ್ದರಿಂದ ಬಿಸಿಲಿಗೆ ಒಡ್ಡಿಕೊಳ್ಳುವ ಚಪ್ಪರಕ್ಕೆ ಬಾಂಡೆಡ್ ಪಾಲಿಯೆಸ್ಟರ್ ನೂಲನ್ನೇ ಬಳಸುವುದು ಸೂಕ್ತ. ಹೊಲಿಗೆಯ ಅಂತರ ನಾಲ್ಕೈದು ಮಿಲಿಮೀಟರು ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿಯೆಂಬ ಭಾವನೆ ರೆಕ್ಸಿನ್ನಿನ ಮಟ್ಟಿಗೆ ತಪ್ಪು. ಅಂಚೆಚೀಟಿಯ ಅಂಚಿನಂತೆ ತೂತುಗಳ ಸಾಲಾಗಿ, ಎಳೆದಾಗ ಅಲ್ಲಿಯೇ ಹರಿಯುತ್ತದೆ. ಪ್ರತಿ ತೂತೂ ನೀರು ಇಳಿಯುವ ದಾರಿ ಎಂಬುದೂ ನೆನಪಿರಲಿ. ಮಂಗಳೂರು ಹೆಂಚು ಹೊದಿಸುವ ಕ್ರಮದಲ್ಲಿಯೇ ಮೇಲಿನ ಪದರದ ಅಂಚು ಇಳಿಜಾರಿನತ್ತ ಬೀಳುವಂತೆ ಮಡಿಸಿ ಹೊಲಿದರೆ ನೀರು ಹೊಲಿಗೆಯ ಮೇಲೆ ನಿಲ್ಲದೆ ಜಾರಿಹೋಗುತ್ತದೆ.

ಹಣದ ಮಾತಿಗೆ ಬರೋಣ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ದರ್ಜಿ, ದೋಣಿ ತಯಾರಕ, ಮೀನುಬಲೆ ತಯಾರಕ ಈ ಮೂವರೂ ಅದರಲ್ಲಿದ್ದಾರೆ. ಸಲಕರಣೆಗಳಿಗೆ 15,000 ರೂಪಾಯಿಗಳವರೆಗೆ ಪ್ರೋತ್ಸಾಹಧನ, ಮೇಲಾಧಾರವಿಲ್ಲದೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ ರೂಪಾಯಿಗಳವರೆಗೆ ಸಾಲ ಎಂದು ಯೋಜನೆಯನ್ನು ರೂಪಿಸಲಾಯಿತು. ಹದಿನೈದು ಸಾವಿರಕ್ಕೆ ಹೊಸ ಕಂಪೌಂಡ್ ಫೀಡ್ ಯಂತ್ರ ಬಾರದು; ಸಾಲ ಮಾಡಬೇಕಾಗುತ್ತದೆ. ಮೊದಲ ಸಾಲದ ಅವಧಿ 18 ತಿಂಗಳು. ಅಷ್ಟರೊಳಗೆ ಯಂತ್ರವು ತನ್ನ ಕಂತನ್ನು ತಾನೇ ದುಡಿದು ಕೊಡಬೇಕು. ಯಂತ್ರಗಳ ಬಗ್ಗೆ ಕಠಿಣವಾಗಿ ಮಾತನಾಡುತ್ತಿದ್ದ ಗಾಂಧೀಜಿಯವರು 1924ರಲ್ಲಿ ಹೊಲಿಗೆ ಯಂತ್ರವನ್ನು ಅಪವಾದವೆಂದು ಒಪ್ಪಿಕೊಂಡಿದ್ದರು. ಮೂಲೆಯಲ್ಲಿ ನಿಂತು ಬಡ್ಡಿ ಬೆಳೆಸುವ ಯಂತ್ರವನ್ನು ಅವರೂ ಒಪ್ಪುತ್ತಿದ್ದರೆಂದು ನನಗೆ ತೋರುವುದಿಲ್ಲ.

ಆದ್ದರಿಂದ ನಾಳೆ ಬರಿಗೈಯಲ್ಲಿ ಹೋಗಬೇಡಿ. ತಾವು ಊರಿನಲ್ಲಿ ಹೊಲಿಯುವ ಕ್ಯಾನ್ವಾಸು, ರೆಕ್ಸಿನ್ನು, ನೈಲಾನು ಪಟ್ಟಿ, ತಮ್ಮದೇ ನೂಲು ಇವನ್ನು ಚೀಲದಲ್ಲಿ ಒಯ್ಯಿರಿ. ಅಂಗಡಿಯವರು ಕೊಡುವ ತುಂಡಿನ ಮೇಲೆ ಎಲ್ಲ ಯಂತ್ರಗಳೂ ಚೆನ್ನಾಗಿ ಹೊಲಿಯುತ್ತವೆ. ಒಂದೇ ಉದ್ದದ ಎರಡು ರೆಕ್ಸಿನ್ ಪಟ್ಟಿಗಳನ್ನು ಜೋಡಿಸಿ, ಕೈಯಿಂದ ಎಳೆಯದೆ ಒಂದು ಮೀಟರು ಹೊಲಿದು, ಕೊನೆಗಳು ಕೂಡುತ್ತವೆಯೇ ನೋಡಿ. ಕ್ಯಾನ್ವಾಸನ್ನು ಮಡಿಸಿ ಎಂಟು ಪದರ ಮಾಡಿ, ಪಾದದ ಕೆಳಗೆ ಅದು ಹೋಗುತ್ತದೆಯೇ ಎಂದು ಮೊದಲು ಕೈಗಾಲಿಯಿಂದ, ಆಮೇಲೆ ಮೋಟಾರಿನಿಂದ ಪರೀಕ್ಷಿಸಿ. ಸುತ್ತಿದ ಚಪ್ಪರದ ಸುರುಳಿ ಯಂತ್ರದ ತೋಳಿನ ಒಳಗೆ ಹಿಡಿಸುತ್ತದೆಯೇ ಎಂಬುದನ್ನೂ ನೋಡಬೇಕು. ಹಳೆಯ ಯಂತ್ರವಾದರೆ ಅದರ ಸೂಜಿಯೂ ಬಾಬಿನ್ ಕೇಸೂ ಕುಂದಾಪುರದಲ್ಲಿಯೋ ಕಾರವಾರದಲ್ಲಿಯೋ ಸಿಗುತ್ತವೆಯೇ ಎಂದು ಇಲ್ಲಿಂದಲೇ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಿ. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ದಿನದ ಕೆಲಸ ಮುಗಿದೊಡನೆ ಒರೆಸಿ, ಎಣ್ಣೆ ಬಿಟ್ಟು, ಹೊದಿಕೆ ಹಾಕಬೇಕೆಂದು ನಾನು ತಮಗೆ ಹೇಳಬೇಕಾಗಿಲ್ಲ.

ನನ್ನ ಭಾವಮೈದುನ ಆ ಯಂತ್ರವನ್ನು ಅಂಗಿ ಹೊಲಿಯುವವರೊಬ್ಬರಿಗೆ ನಷ್ಟದಲ್ಲಿ ಮಾರಿದ. ಎರಡು ವರ್ಷ ಹಣ ಕೂಡಿಸಿ, ತಾನೇ ಹೋಗಿ, ತನ್ನದೇ ರೆಕ್ಸಿನ್ನಿನ ಮೇಲೆ ಹೊಲಿದು ನೋಡಿ, ಹಳೆಯ ಕಂಪೌಂಡ್ ಫೀಡ್ ಯಂತ್ರವೊಂದನ್ನು ತಂದ. ಈ ಭಾಷಣದ ಸಂಗತಿ ತಿಳಿಸಿದಾಗ ಅಂಚೆಯಲ್ಲಿ ಎರಡು ತುಂಡುಗಳನ್ನು ಕಳುಹಿಸಿದ್ದಾನೆ. ಬಟ್ಟೆ ಒಂದೇ, ನೂಲಿನ ಬಣ್ಣ ಬೇರೆ. ಕೆಂಪು ನೂಲಿನದು ನಾನು ಕೊಡಿಸಿದ ಯಂತ್ರದ್ದು, ನೀಲಿಯದು ಅವನು ಕೊಂಡದ್ದರದು. ಎರಡೂ ಈ ಮೇಜಿನ ಮೇಲಿವೆ. ತಾವು ಸರದಿಯಂತೆ ಬಂದು ಮುಟ್ಟಿ ನೋಡಬಹುದು.