ಉಪಕಾರಸ್ಮರಣೆ: ಒಬ್ಬರಿಂದಾಗದ ಕೆಲಸ

(ಶತಮಾನೋತ್ಸವದ ಕೃತಜ್ಞತಾ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತವನಿಗೆ ಕೃತಜ್ಞತೆಯ ಹೊರತು ಬೇರೊಂದು ವಿಷಯ ಹೊಳೆಯುವುದು ಕಷ್ಟ. ಆದರೆ ಉತ್ಸವದ ಕೃತಜ್ಞತೆಗೆ ಹಾರ ತುರಾಯಿಗಳಿವೆ, ವಂದನಾರ್ಪಣೆಯ ಮಾತುಗಳಿವೆ. ಅದಕ್ಕೆ ನನ್ನ ಸಹಾಯ ಬೇಕಾಗಿಲ್ಲ. ಹಾರ ಬಾಡಿದ ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ, ಹೊಲದ ಬದುವಿನಲ್ಲಿ, ಅಂಗಡಿಯ ಕಟ್ಟೆಯ ಮೇಲೆ ನಡೆಯಬೇಕಾದ ಕೃತಜ್ಞತೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮ ಹಿರಿಯರು ಹೇಳಿದರು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರ ವಿಷಯದಲ್ಲಿ ನಮ್ಮ ಗಾದೆ ಬಹಳ ಕಟುವಾಗಿಯೇ ಮಾತನಾಡುತ್ತದೆ. ಆದುದರಿಂದ ಉಪಕಾರಸ್ಮರಣೆ ಒಳ್ಳೆಯದೆಂಬುದನ್ನು ನಿಮಗೆ ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಪ್ರಶ್ನೆ ಬೇರೆಯೇ ಇದೆ. ಒಳ್ಳೆಯದೆಂದು ತಿಳಿದೂ ನಾವು ಏಕೆ ಮರೆಯುತ್ತೇವೆ? ನಾವೆಲ್ಲರೂ ದುಷ್ಟರೆಂದೇ? ನನಗೆ ಹಾಗೆ ತೋರುವುದಿಲ್ಲ. ದಿನವೂ ತಪ್ಪದೆ ದೊರೆಯುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ನೋಡಿರಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು, 1953ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಮಾನ್ವಿಯ ಹೊಲಗಳಿಗೂ ರಾಯಚೂರಿನ ಹೊಲಗಳಿಗೂ ನೀರು ತಂದಿತು. ಜೋಳ ಬೆಳೆಯುತ್ತಿದ್ದ ಎರೆಯ ನೆಲದಲ್ಲಿ ಬತ್ತ ತೂಗಿತು. ಎಪ್ಪತ್ತು ವರ್ಷ ನೀರು ಬಂದಿತು. ಆದರೆ ಆ ಅಣೆಕಟ್ಟಿನ ಗೇಟುಗಳನ್ನು ನೆನೆದವರು ನಮ್ಮಲ್ಲಿ ಎಷ್ಟು ಮಂದಿ? 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಮರುದಿನ ಕಾಲುವೆಯ ಉದ್ದಕ್ಕೂ ರೈತರ ಬಾಯಲ್ಲಿ ಅದೊಂದೇ ಮಾತು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು, ಹರಿಯುವ ನೀರಿನ ಮೇಲೆಯೇ, ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದಾಗಿ ಇಳಿಸಿ, ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿದರು. ಮುಂದೆ ಮಳೆಯೂ ಬಂದು, ಸೆಪ್ಟೆಂಬರ್ ತಿಂಗಳಲ್ಲಿ ಜಲಾಶಯ ಮತ್ತೆ ತುಂಬಿತು.

ಆ ವಾರದಲ್ಲಿ ನಾವು ಅನೇಕರನ್ನು ನೆನೆದೆವು: ಚೈನಿಗೆ ಎಣ್ಣೆ ಹಾಕುವವನನ್ನು, ಗೇಟು ಎತ್ತುವವನನ್ನು, ಕಾಲುವೆ ಕಾಯುವ ನೀರಗಂಟಿಯನ್ನು. ಅವರ ಕೆಲಸ ಸರಿಯಾಗಿ ನಡೆದಷ್ಟು ದಿನ ಅವರ ಹೆಸರು ನಮಗೆ ಬೇಕಿರಲಿಲ್ಲ. ಮನೆಯಲ್ಲಿಯೂ ಹೀಗೆಯೇ ಅಲ್ಲವೇ? ತಾಯಿ ಹಾಸಿಗೆ ಹಿಡಿದ ದಿನ ರೊಟ್ಟಿ ಬಡಿಯುವ ಸಪ್ಪಳ ಎಷ್ಟು ದೊಡ್ಡದಾಗಿತ್ತೆಂದು ತಿಳಿಯುತ್ತದೆ. ಕಡಿದ ಮೇಲೆ ನೆನೆಯುವುದು ಯಾರಿಗೂ ಸಾಧ್ಯ. ಕಡಿಯುವ ಮೊದಲು ನೆನೆಯುವುದು ಅಭ್ಯಾಸದಿಂದ ಮಾತ್ರ ಸಾಧ್ಯ. ಆ ಅಭ್ಯಾಸಕ್ಕೆ ಜೊತೆಗಾರರು ಬೇಕು ಎಂಬುದೇ ನಾನು ಈ ದಿನ ಹೇಳಬೇಕೆಂದಿರುವ ಮಾತು.

ಲೂಕನ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ ಬರುವ ಹತ್ತು ಮಂದಿ ಕುಷ್ಠರೋಗಿಗಳ ವೃತ್ತಾಂತವನ್ನು ನೀವೆಲ್ಲರೂ ಕೇಳಿದ್ದೀರಿ. ಮರಳಿ ಬಂದವನು ಒಬ್ಬನೇ. ಅವನೂ ಪರಕೀಯನಾದ ಸಮಾರ್ಯದವನು. ಆ ಒಂಬತ್ತು ಮಂದಿಯನ್ನು ನಾವು ಪ್ರತಿವರ್ಷವೂ ಬಯ್ಯುತ್ತೇವೆ. ಆದರೆ ಒಂದು ಸಂಗತಿಯನ್ನು ಗಮನಿಸಿದ್ದೀರಾ? ಬೇಡುವಾಗ ಅವರು ಹತ್ತು ಮಂದಿಯೂ ಒಟ್ಟಾಗಿ ನಿಂತಿದ್ದರು, ಒಟ್ಟಾಗಿ ದನಿ ಎತ್ತಿದ್ದರು. ರೋಗ ಅವರನ್ನು ಒಂದು ಸಮುದಾಯವನ್ನಾಗಿ ಮಾಡಿತ್ತು. ಯಾಜಕರಿಗೆ ತೋರಿಸಿಕೊಳ್ಳಿರೆಂಬ ಅಪ್ಪಣೆಯಂತೆ ಹೋಗುತ್ತಿರುವಾಗ ಗುಣವಾಯಿತು. ಗುಣವಾದ ಮೇಲೆ ಆ ಕೂಟ ಉಳಿಯಲಿಲ್ಲ. ಆ ದಾರಿಯಲ್ಲಿ ಒಬ್ಬನು ಇನ್ನೊಬ್ಬನ ತೋಳು ಹಿಡಿದು, “ನಡೆಯಪ್ಪಾ, ಹಿಂದಕ್ಕೆ ಹೋಗಿ ಒಂದು ಮಾತು ಹೇಳಿ ಬರೋಣ” ಎಂದಿದ್ದರೆ ಎಷ್ಟು ಮಂದಿ ಬರುತ್ತಿದ್ದರೋ! ಸಂಕಟದಲ್ಲಿ ಕೂಡುವುದು, ಸುಖದಲ್ಲಿ ಚದುರುವುದು ನಮ್ಮ ಸ್ವಭಾವ. ಕಾಯಿಲೆಗೆ ಜಪಸರ ಹಿಡಿದು ಇಡೀ ಓಣಿ ಕೂಡುತ್ತದೆ. ಗುಣವಾದಾಗ ಯಾರು ಕೂಡುತ್ತಾರೆ?

ಜೊತೆಗಾರರಿಂದ ಕೃತಜ್ಞತೆ ಹುಟ್ಟಿ ಬೆಳೆದುದಕ್ಕೆ ನಮ್ಮ ನೆಲದಲ್ಲಿಯೇ ಒಂದು ಕಥೆಯಿದೆ. 18ನೆಯ ಶತಮಾನದಲ್ಲಿ ಮಾನ್ವಿಯಲ್ಲಿದ್ದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರಾದ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆವ ಹೇಳಿ ತಪ್ಪಿಸಿಕೊಂಡರಂತೆ. ಆ ಮೇಲೆ ನಿಜವಾಗಿಯೇ ಕಠಿಣ ಉದರರೋಗ ಹಿಡಿಯಿತಂತೆ. ಕಡೆಗೆ ಮೊರೆಹೊಕ್ಕಾಗ ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರ ಹುಟ್ಟೂರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು. ಅವರು ಜೋಳದ ರೊಟ್ಟಿ ತಿನ್ನಿಸಿ ರೋಗ ಬಿಡಿಸಿದರೆಂದೂ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ದಾನ ಮಾಡಿದರೆಂದೂ ದಾಸ ಸಂಪ್ರದಾಯ ಹೇಳುತ್ತದೆ. ಬದುಕಿದ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ, ಹರಿಕಥಾಮೃತಸಾರವನ್ನು ಕನ್ನಡದಲ್ಲಿ ರಚಿಸಿದರು.

ಅನ್ಯಮತದವರ ಕಥೆಯಾದರೂ ಇದರ ತಿರುಳು ನಮಗೆ ಬೇಕಾದುದು. ದಾನವಾಗಿ ಪಡೆದ ನಲವತ್ತು ವರ್ಷಗಳನ್ನು ಕೊಟ್ಟವರಿಗೇ ಹಿಂದಕ್ಕೆ ಕೊಡುವುದು ಹೇಗೆ? ಸಾಧ್ಯವಿಲ್ಲ. ಜಗನ್ನಾಥದಾಸರು ಅವುಗಳನ್ನು ತಮಗಿಂತ ಕಡಮೆ ಓದಿದವರ ಭಾಷೆಯಲ್ಲಿ ಹಾಡಿ, ಮುಂದಿನವರಿಗೆ ದಾಟಿಸಿದರು. ತಂದೆತಾಯಿಯರ ಉಪಕಾರ, ಅಕ್ಷರ ಕಲಿಸಿದವರ ಉಪಕಾರ, ದೇವರ ಉಪಕಾರ ಇವೆಲ್ಲವೂ ಹೀಗೆ ದಾಟಿಸುವುದರಿಂದಲೇ ಸಲ್ಲುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋದರೆ ನಾನು ಗುರುವಾಗಿ ಇಲ್ಲಿ ನಿಂತಿರುವುದು ವ್ಯರ್ಥ. ಕೃತಜ್ಞತೆಯ ಹೆಸರಿನಲ್ಲಿ ನಮ್ಮ ನಾಡಿನ ಬಡವರನ್ನು ಬಹುಕಾಲ ಕಟ್ಟಿಹಾಕಲಾಗಿದೆ. “ನಮ್ಮ ಮನೆಯ ಅನ್ನ ಉಂಡಿದ್ದೀಯೆ, ನಿನ್ನ ಅಪ್ಪನ ಮದುವೆಗೆ ಸಾಲ ಕೊಟ್ಟವರು ನಾವು” ಎಂಬ ಒಂದೇ ಮಾತಿನಿಂದ ಮಗನನ್ನೂ ಮೊಮ್ಮಗನನ್ನೂ ಜೀತಕ್ಕಿಟ್ಟುಕೊಂಡ ಕಾಲವಿತ್ತು. 1976ರ ಜೀತಪದ್ಧತಿ ನಿರ್ಮೂಲನಾ ಕಾಯಿದೆ ಅಂತಹ ಸಾಲಗಳನ್ನು ರದ್ದುಮಾಡಿತು; ಆ ಮಾತಿನ ಧಾಟಿ ಮಾತ್ರ ಎಲ್ಲ ನಾಲಗೆಗಳಿಂದಲೂ ಹೋಗಿಲ್ಲ. ಋಣವನ್ನು ನೆನಪಿಸಿ ವಸೂಲು ಮಾಡುವುದು ಸಾಹುಕಾರಿಕೆ. ಉಪಕಾರ ಪಡೆದವನು ತಾನಾಗಿಯೇ ನೆನೆಯಬೇಕು. ಮಾಡಿದವನು ತಾನಾಗಿಯೇ ಮರೆಯಬೇಕು. ಈ ಕ್ರಮ ತಲೆಕೆಳಗಾದರೆ ಕೃತಜ್ಞತೆ ಸಂಕೋಲೆಯಾಗುತ್ತದೆ.

ಹಾಗಾದರೆ ನಮ್ಮಲ್ಲಿ ಹೊಲ, ಅಂಗಡಿ, ಕೆಲಸದಾಳುಗಳು ಉಳ್ಳವರು ಏನು ಮಾಡಬೇಕು? ಹತ್ತಿ ಬಿಡಿಸುವ, ಬತ್ತದ ಸಸಿ ಹಚ್ಚುವ ತಾಯಂದಿರ ಬೆನ್ನು ಬಾಗಿದುದರಿಂದ ನಮ್ಮ ಬೆನ್ನು ನೆಟ್ಟಗಿದೆ. ಅವರಿಗೆ ಸಲ್ಲಿಸಬೇಕಾದ ವಂದನೆ ಬರಿಯ ಬಾಯಿಮಾತಲ್ಲ. ಕೂಲಿಯನ್ನು ಪೂರ್ತಿಯಾಗಿ, ಸೂರ್ಯ ಮುಳುಗುವುದರೊಳಗಾಗಿ ಕೊಡಬೇಕೆಂದು ಧರ್ಮೋಪದೇಶಕಾಂಡದ ಆಜ್ಞೆಯಿದೆ. ಕಾಲುವೆಯ ಮೇಲ್ಭಾಗದಲ್ಲಿ ಹೊಲವಿರುವವನು ತನ್ನ ಪಾಲಿನ ನೀರು ಸಾಕೆಂದು ತೂಬು ಮುಚ್ಚಿದರೆ, ಕೊನೆಭಾಗದಲ್ಲಿರುವ ರೈತನ ಹೊಲಕ್ಕೆ ಹರಿಯುವ ಆ ನೀರೇ ಅವನ ಕೃತಜ್ಞತಾಸ್ತುತಿ.

ಇನ್ನು, ಕೃತಜ್ಞತೆಯ ಮಾತೇ ಕಹಿಯಾಗಿರುವ ಮನೆಗಳಿವೆ. ಮಳೆ ಕೈಕೊಟ್ಟ ವರ್ಷ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋದ ಕುಟುಂಬಗಳು ದೇವದುರ್ಗದ ಕಡೆ ಎಷ್ಟೋ ಇವೆ. ಅಜ್ಜಿಯ ಬಳಿ ಮಕ್ಕಳನ್ನು ಬಿಟ್ಟು ಹೋದ ತಾಯಿಗೆ, ಕೈಹಿಡಿದ ಗಂಡನನ್ನು ಕಳೆದುಕೊಂಡ ಹೆಂಗಸಿಗೆ, “ದೇವರಿಗೆ ವಂದನೆ ಹೇಳಮ್ಮ” ಎಂದು ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಬಿದ್ದ ಪೆಟ್ಟಿಗಾಗಿ ವಂದಿಸಬೇಕೆಂದು ದೇವರು ಕೇಳುವುದಿಲ್ಲ. ಪಾರ್ಶ್ವವಾಯು ಹಿಡಿದವನನ್ನು ನಾಲ್ವರು ಹೊತ್ತುಕೊಂಡು ಬಂದು ಮಾಡು ತೆರೆದು ಇಳಿಸಿದರಲ್ಲವೇ? ಯೇಸುಸ್ವಾಮಿ ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು ಎಂದು ಶುಭಸಂದೇಶ ಹೇಳುತ್ತದೆ. ದುಃಖದಲ್ಲಿರುವವರ ಪರವಾಗಿ ನೆನೆಯುವ ಕೆಲಸವನ್ನು ನಾವು ಕೆಲವು ಕಾಲ ಹೊರಬೇಕು. ಅವರ ಮನೆಗೆ ರೊಟ್ಟಿಬುತ್ತಿ ಒಯ್ಯಬೇಕು. ಅಗಲಿದವನು ಮಾಡಿದ ಒಳ್ಳೆಯದನ್ನು ಅವರ ಮುಂದೆ ಹೇಳಬೇಕು. ಅವರ ಬಾಯಿಂದ ವಂದನೆಯ ಮಾತು ಮತ್ತೆ ಬರುವ ದಿನ ಬರುತ್ತದೆ. ಬರದಿದ್ದರೂ ರೊಟ್ಟಿ ಒಯ್ಯುವುದನ್ನು ನಿಲ್ಲಿಸಬಾರದು.

ಕಷ್ಟದಲ್ಲಿರುವವರಿಗೂ ಈ ಅಭ್ಯಾಸ ಒಗ್ಗಬಹುದೆಂಬುದಕ್ಕೆ ವಿದ್ವಾಂಸರ ಸಾಕ್ಷ್ಯವೂ ಇದೆ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೇಲ್ ಮೆಕಲ್ಲೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ನರಸ್ನಾಯುಗಳ ಕಾಯಿಲೆಯಿಂದ ಬಳಲುತ್ತಿದ್ದ ಕೆಲವರಿಗೆ, ತಮಗೆ ದೊರೆತ ಒಳಿತುಗಳನ್ನು 21 ದಿನ ಪ್ರತಿದಿನವೂ ಬರೆದಿಡಲು ಹೇಳಿದ್ದರು. ಹಾಗೆ ಬರೆದವರ ಮನಸ್ಸು ಬರೆಯದವರಿಗಿಂತ ಹಗುರವಾಗಿತ್ತು. ಅವರು ಬದುಕಿನಲ್ಲಿ ಹೆಚ್ಚು ತೃಪ್ತರಾಗಿರುವುದು ಹತ್ತಿರದವರ ಕಣ್ಣಿಗೂ ಬಿದ್ದಿತ್ತು. ನಮಗೆ ಬರೆದಿಡುವುದು ಹೊಸದೇನಲ್ಲ. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದು, ಹತ್ತು ವರ್ಷ ಕಳೆದರೂ ನೋಡಿ ತಿರುಗಿಸುತ್ತೇವೆ. ಹಣದ ಮುಯ್ಯಿಗೆ ಪುಸ್ತಕವಿರುವಾಗ ಪ್ರೀತಿಯ ಮುಯ್ಯಿಗೂ ಒಂದು ಹಾಳೆ ಇರಲಿ.

ಹಾಗೆಂದು ಬರೆಯಲು ಬಾರದವರು ಚಿಂತಿಸಬೇಕಾಗಿಲ್ಲ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನಾಸಿಯವರು ಪ್ರತಿದಿನದ ಆತ್ಮಪರಿಶೋಧನೆಗೆ ಐದು ಹಂತಗಳನ್ನು ಹಾಕಿಕೊಟ್ಟರು. ಅವುಗಳಲ್ಲಿ ಮೊದಲನೆಯದು ಪಾಪಗಳ ಲೆಕ್ಕವಲ್ಲ. ಪಡೆದ ಉಪಕಾರಗಳಿಗಾಗಿ ದೇವರಿಗೆ ವಂದನೆ. ಇದನ್ನು ಮನೆಮಂದಿಯೆಲ್ಲ ಕೂಡಿ ಮಾಡಿರಿ. ರಾತ್ರಿ ಊಟಕ್ಕೆ ಕುಳಿತಾಗ ಪ್ರತಿಯೊಬ್ಬರೂ ಆ ದಿನ ತಮಗೆ ಒಳಿತು ಮಾಡಿದ ಒಬ್ಬ ಮನುಷ್ಯನ ಹೆಸರನ್ನು ಹೇಳಲಿ. “ಎಲ್ಲರಿಗೂ ವಂದನೆ” ಎಂದರೆ ಯಾರಿಗೂ ಅಲ್ಲವೆಂದೇ ಅರ್ಥ; ಹೆಸರನ್ನೇ ಹೇಳಬೇಕು. ಶಾಲೆಯಲ್ಲಿ ಬಿಸಿಯೂಟ ಬಡಿಸಿದ ಅಮ್ಮನ ಹೆಸರು ಮಗುವಿಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ನಾಳೆ ಕೇಳಿಕೊಂಡು ಬರಲಿ. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸಲಿ. ಅದಕ್ಕಾಗಿಯೇ ದೇವರು ಕುಟುಂಬವನ್ನು ಕೊಟ್ಟಿದ್ದಾನೆ. ಗಂಡನಾದವನು ಹೆಂಡತಿಯ ಹೆಸರನ್ನು ಹೇಳಲು ನಾಚಬೇಕಾಗಿಲ್ಲ. ಒಂಟಿಯಾಗಿರುವ ವೃದ್ಧರ ಮನೆಗೆ ನೆರೆಯವರು ವಾರಕ್ಕೊಮ್ಮೆಯಾದರೂ ಹೋಗಿ, ಅವರ ಜೊತೆಗೆ ಕುಳಿತು ಈ ನೆನಪನ್ನು ಮಾಡಲಿ. ಹೆಸರು ಹೇಳಿದ ಮೇಲೆ ಸಾಧ್ಯವಾದರೆ ಆ ಮನುಷ್ಯನಿಗೂ ತಿಳಿಸಿರಿ; ಬದುಕಿರುವಾಗಲೇ ತಿಳಿಸಿರಿ.

ನಾವು ಪ್ರತಿ ಭಾನುವಾರ ಕೂಡಿ ಅರ್ಪಿಸುವ ಬಲಿಪೂಜೆಗೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನ ಅರ್ಥವೇ ಕೃತಜ್ಞತಾಸ್ತುತಿ. ಅಲ್ಲಿ ಗುರು ಒಬ್ಬನೇ ವಂದಿಸುವುದಿಲ್ಲ. ದೇವರಿಗೆ ಕೃತಜ್ಞತೆ ಸಲ್ಲಿಸೋಣ ಎಂದು ಅವನು ನಿಮ್ಮನ್ನು ಕರೆಯುತ್ತಾನೆ, ನೀವು ಒಪ್ಪಿ ಉತ್ತರಿಸುತ್ತೀರಿ. ಆ ಮೇಲೆಯೇ ಪ್ರಾರ್ಥನೆ ಮುಂದುವರಿಯುತ್ತದೆ. ಪೀಠದ ಮುಂದೆ ಇರುವ ಈ ಕರೆ ಮತ್ತು ಉತ್ತರ ನಿಮ್ಮ ಊಟದ ಮಣೆಯ ಬಳಿಯೂ ಇರಲಿ. ಇಂದು ರಾತ್ರಿಯೇ ಆರಂಭಿಸಿರಿ. ಮನೆಯ ಅತಿ ಚಿಕ್ಕ ಮಗುವಿನಿಂದ ಮೊದಲ ಹೆಸರನ್ನು ಕೇಳಿರಿ.

ಪ್ರಭು ನಿಮ್ಮೆಲ್ಲರನ್ನೂ ಹರಸಲಿ.