ಆಟಿಕೆಯಿಂದಲೂ ಕಲಿಕೆ



"ಆಟ ಸಾಕು, ಓದು" ಎಂಬ ಮಾತು ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಆ ವಯಸ್ಸಿಗೆ ಆಟವೇ ಓದು.

ಚನ್ನಪಟ್ಟಣದ ಆಟಿಕೆಗಳನ್ನು ನೋಡಿ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಈ ಕಲೆಗೆ ಟಿಪ್ಪು ಸುಲ್ತಾನರು ಪ್ರೋತ್ಸಾಹ ನೀಡಿದರೆಂದು ಪ್ರತೀತಿ. ಗಿಲಕಿಯ ಸದ್ದಿಗೆ ಕೂಸು ತಿರುಗಿ ನೋಡುತ್ತದೆ, ಕೈ ಚಾಚುತ್ತದೆ. ಗೂಟಕ್ಕೆ ಬಳೆ ಪೋಣಿಸುವಾಗ ದೊಡ್ಡದು-ಚಿಕ್ಕದು ತಿಳಿಯುತ್ತದೆ. ನಾಳೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಪಳಗುತ್ತವೆ. ಗೊಂಬೆಗೆ ಉಣಿಸುವ ಮಗು ಮಾತನ್ನೂ ಮಮತೆಯನ್ನೂ ಕಲಿಯುತ್ತದೆ.

ಹಝ್ರತ್ ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನೂ, ಅವರ ಗೆಳತಿಯರನ್ನು ಪ್ರವಾದಿವರ್ಯರು(ಸ) ಜೊತೆಗೆ ಆಡಲು ಕಳುಹಿಸುತ್ತಿದ್ದುದನ್ನೂ ಸಹೀಹ್ ಬುಖಾರಿಯಲ್ಲಿ ಕಾಣುತ್ತೇವೆ. ಹಾಗಿರುವಾಗ ಮಗುವಿನ ಆಟವನ್ನು ಕಾಲಹರಣವೆನ್ನಲು ನಾವು ಯಾರು?

ದುಬಾರಿ ಆಟಿಕೆಯೇ ಬೇಕೆಂದಿಲ್ಲ. ಖಾಲಿ ಡಬ್ಬಿ, ಚಿಂದಿ ಬಟ್ಟೆಯ ಗೊಂಬೆ ಸಾಕು. ಗೊಂಬೆ ಹುಡುಗಿಗೆ, ಬ್ಲಾಕ್ ಹುಡುಗನಿಗೆ ಎಂಬ ಭೇದ ಬೇಡ. ಮೂರು ವರ್ಷದೊಳಗಿನವರ ಕೈಗೆ ನುಂಗಬಹುದಾದ ಚಿಕ್ಕ ವಸ್ತು ಸಿಗದಿರಲಿ.

ಅಳುವ ಮಗುವಿಗೆ ಮೊಬೈಲ್ ಕೊಟ್ಟರೆ ಮನೆ ಶಾಂತವಾಗುತ್ತದೆ ನಿಜ. ಆದರೆ ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪರದೆ ಮಗುವಿನ ಪ್ರಶ್ನೆಗೆ ಮರುಮಾತು ಆಡುವುದಿಲ್ಲ. ತಾಯಿ ಆಡುತ್ತಾಳೆ, ತಂದೆ ಆಡುತ್ತಾನೆ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ತಮ್ಮ-ತಂಗಿಯರೊಂದಿಗೆ ಅರ್ಧ ಗಂಟೆ ನೆಲದ ಮೇಲೆ ಕುಳಿತು ಆಡಿ. ಅದೂ ವಿದ್ಯಾಸೇವೆಯೇ.